ನನ್ನ ಬದಿಯ ಬ್ರೇಕ್

3 ನವೆಂಬರ್ 2025, ಸೋಮವಾರ

ಆರೂವರೆ ಬ್ಯಾಚ್. ಅಂಜನಾಪುರದ ಚಾನೆಲ್ ರಸ್ತೆ, ಕಾಲುವೆಯ ಪಕ್ಕದ್ದು. ಮಂಜು ಇತ್ತು, ಹೆಡ್‌ಲೈಟ್ ಹಾಕಿಸಿಯೇ ಹೋದದ್ದು. ಹೊಸಬರು ಇಬ್ಬರು. ಬ್ಯಾಂಕಿನ ಸಾವಿತ್ರಿಬಾಯಿ — ಸ್ಟೇರಿಂಗ್ ಹಿಡಿದರೆ ಉಸಿರಾಡುವುದನ್ನೇ ಮರೆಯುತ್ತಾರೆ. ಇನ್ನೊಬ್ಬಳು ಮೇಘನಾ, ತಾಲೂಕು ಕಚೇರಿಯ ಮಹಾಂತೇಶ್ ಅವರ ಮಗಳು. ಸೆಪ್ಟೆಂಬರಿನಲ್ಲಿ ಹದಿನೆಂಟು ತುಂಬಿತು, ಮರುದಿನವೇ ಲರ್ನಿಂಗ್ ಲೈಸೆನ್ಸಿಗೆ ಅರ್ಜಿ ಹಾಕಿದಳಂತೆ. ಡಿಗ್ರಿ ಮೊದಲ ವರ್ಷ. ಚುರುಕು. ಒಂದನೇ ದಿನಕ್ಕೇ ಗೇರು ಹಿಡಿತಕ್ಕೆ ಬಂತು. ‘ಸರ್, ಟಾಪ್ ಗೇರ್ ಯಾವಾಗ?’ ಅಂತ ಎರಡು ಸಲ ಕೇಳಿದಳು.

ಬಾಗಿಲು ಗಟ್ಟಿಯಾಗಿ ಹಾಕುತ್ತಾಳೆ. ಹೇಳಬೇಕು. ನನ್ನ ಮಾರುತಿಗೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ. ನಾನು ಕಲಿಸಿದವರಲ್ಲಿ ಒಬ್ಬರೂ ಟೆಸ್ಟಿನಲ್ಲಿ ಫೇಲಾಗಿಲ್ಲ. ಶಿಕಾರಿಪುರದಲ್ಲಿ ಬೇರೆ ಯಾವ ಡ್ರೈವಿಂಗ್ ಸ್ಕೂಲಿನವನು ಈ ಮಾತು ಹೇಳಲಿ ನೋಡೋಣ.

7 ನವೆಂಬರ್, ಶುಕ್ರವಾರ

ಇವತ್ತು ಒಂದು ಕರು. ಚಾನೆಲ್ ತೂಬಿನ ಹತ್ತಿರ ಹುಲ್ಲಿನ ಗಾಡಿ ನಿಂತಿತ್ತು, ಅದರ ಹಿಂದಿನಿಂದ ಒಮ್ಮೆಲೇ ಅಡ್ಡ ಬಂತು. ಮೇಘನಾ ನಲವತ್ತರಲ್ಲಿದ್ದಳು. ನನ್ನ ಕಾಲು ಬ್ರೇಕಿಗೆ ಹೋಯಿತು — ಹೋಗಬೇಕು ಅಂತ ಅಂದುಕೊಳ್ಳುವ ಮೊದಲೇ ಹೋಗುತ್ತದೆ ಅದು. ಕಾರು ಕರುವಿನ ಮೂತಿಯ ಮುಂದೆ ನಿಂತಿತು. ಅದು ನಮ್ಮನ್ನು ನೋಡಿತು, ನಾವು ಅದನ್ನು ನೋಡಿದೆವು.

ಮೇಘನಾ ನಕ್ಕಳು. ‘ಸರ್! ನಿಲ್ಲಿಸಿಬಿಟ್ಟೆ!’

‘ಶಹಬ್ಬಾಸ್,’ ಅಂದೆ. ‘ನಿನ್ನ ಕಾಲು ಬಾಳ ನಯ ಐತೆ ಕಣಮ್ಮ.’

ನಿಜ ಹೇಳಬಹುದಿತ್ತು. ಆದರೆ ಮೊದಲು ಧೈರ್ಯ ಬರಬೇಕಲ್ಲ. ಸ್ಕೂಲ್ ಕಾರಿನಲ್ಲಿ ನನ್ನ ಬದಿಗೂ ಒಂದು ಬ್ರೇಕು, ಒಂದು ಕ್ಲಚ್ಚು. ಎರಡೂ ಬದಿಗಳ ನಡುವೆ ಒಂದು ಕಂಬಿ. ನಾನು ಒತ್ತಿದರೆ ಅವರ ಪೆಡಲ್ ಕೂಡ ಕೆಳಗಿಳಿಯುತ್ತದೆ. ಅವರ ಕಾಲು ಅಲ್ಲಿಗೆ ಹೋಗುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ತಾವೇ ಒತ್ತಿದ್ದು ಅಂದುಕೊಳ್ಳುತ್ತಾರೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆಮೇಲೆ ತಾವಾಗಿಯೇ ಕಲಿಯುತ್ತಾರೆ.

16 ನವೆಂಬರ್, ಭಾನುವಾರ

ಸೊರಬದಲ್ಲಿ ಒಂದು ಗೃಹಪ್ರವೇಶ, ಹೆಂಡತಿ ನಾಗವೇಣಿ ಜೊತೆ ಬಸ್ಸಿನಲ್ಲಿ ಹೋದೆ. ಶಿರಾಳಕೊಪ್ಪ ದಾಟುವ ಮೊದಲೇ ನನ್ನ ಮೊಣಕಾಲಿಗೆ ಒಂದು ಏಟು ಕೊಟ್ಟಳು. ‘ಬಸ್ಸಿಗೂ ನೀವೇ ಬ್ರೇಕ್ ಹಾಕ್ತೀರೇನ್ರೀ? ಡ್ರೈವರ್‌ಗೆ ಸಂಬಳ ಯಾಕೆ ಕೊಡ್ತಾರೆ ಮತ್ತೆ?’ ನೋಡಿದರೆ ಬಲಗಾಲು ನೆಲವನ್ನು ಒತ್ತಿ ಹಿಡಿದಿದೆ. ಪಕ್ಕದ ಸೀಟಿನವರೂ ನಕ್ಕರು, ನಾನೂ ನಕ್ಕೆ.

ಊಟದ ಪಂಕ್ತಿಯಲ್ಲಿ ಮೇಘನಾಳ ಸೋದರಮಾವ ಚೌಡೇಶ್ ಸಿಕ್ಕರು. ಸೊರಬದವರು, ಜೆಸಿಬಿ ಬಾಡಿಗೆಗೆ ಬಿಡುವವರು. ‘ನಮ್ಮ ಹುಡುಗಿ ಕರು ಉಳ್ಸಿದ್ಲಂತಲ್ಲ ಮಾರಾಯ್ರೆ!’ ಅಂದರು. ಕಥೆ ಅಲ್ಲಿಯವರೆಗೂ ಹೋಗಿದೆ. ‘ಹ್ಞೂಂ, ಭಾರಿ ಚುರುಕು,’ ಅಂದೆ. ಇನ್ನೊಂದು ಹೋಳಿಗೆ ಹಾಕಿಸಿದರು.

26 ನವೆಂಬರ್, ಬುಧವಾರ

ಟೆಸ್ಟ್. ನಮ್ಮ ಸ್ಕೂಲಿನಿಂದ ನಾಲ್ವರು, ನಾಲ್ವರೂ ಪಾಸ್. ಸಾವಿತ್ರಿಬಾಯಿ ಮಾತ್ರ ಬರಲಿಲ್ಲ, ಇನ್ನೂ ಒಂದು ತಿಂಗಳು ಕಲಿಯುತ್ತಾರಂತೆ.

ಇನ್‌ಸ್ಪೆಕ್ಟರ್ ಸಾಹೇಬರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ನಾನು ಮುಂದೆ, ತೊಡೆಯ ಮೇಲೆ ಫೈಲು ಅಗಲಿಸಿಕೊಂಡು. ಫೈಲಿನ ಕೆಳಗೆ ಕಾಲು ಏನು ಮಾಡುತ್ತಿದೆ ಅಂತ ಹಿಂದಿನಿಂದ ಕಾಣುವುದಿಲ್ಲ. ಇದನ್ನು ಇಲ್ಲಿ ಮಾತ್ರ ಬರೆಯಬಹುದು. ಯಾರಿಗೆ ನಷ್ಟ? ಹುಡುಗರು ಟೆಸ್ಟಿನ ದಿನ ಗಾಬರಿಯಾಗಿರುತ್ತಾರೆ, ಅಷ್ಟು ಸಹಾಯ ಮಾಡದಿದ್ದರೆ ಮೇಷ್ಟ್ರು ಯಾಕೆ?

ಸಂಜೆ ಮೇಘನಾ ಪೇಡೆ ತಂದಳು. ಬೇಡ ಬೇಡ ಅಂದರೂ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಈಗಿನ ಕಾಲದಲ್ಲಿ ಇಷ್ಟು ಮರ್ಯಾದೆ ಯಾರಿಗಿದೆ. ತುಂಬಾ ಖುಷಿಯಾಯಿತು.

7 ಡಿಸೆಂಬರ್, ಭಾನುವಾರ

ಚೌಡೇಶ್ ಹೊಸ ಕಾರು ತಗೊಂಡು ಮನೆ ಮುಂದೆಯೇ ಬಂದರು. ಹೊಸದು ಅಂದರೆ ಅವರಿಗೆ ಹೊಸದು; ಬೆಂಗಳೂರಿನಲ್ಲಿ ಯಾರೋ ಎರಡು ವರ್ಷ ಓಡಿಸಿದ್ದು. ಜರ್ಮನಿಯದು, ನೀಲಿ, ನೆಲಕ್ಕೆ ಅಂಟಿಕೊಂಡ ಹಾಗಿದೆ. ಆಟೋಮ್ಯಾಟಿಕ್. ಸೊನ್ನೆಯಿಂದ ನೂರಕ್ಕೆ ಐದು ಸೆಕೆಂಡಂತೆ. ಬೀದಿಯ ಹುಡುಗರೆಲ್ಲ ಸುತ್ತ ನಿಂತರು.

‘ಒಂದ್ ರೌಂಡ್ ಹೊಡೀರಿ ಲೋಕಪ್ನೋರೆ,’ ಅಂದರು.

ಹೊಡೆದೆ. ಆಕ್ಸಿಲರೇಟರ್ ಮೇಲೆ ಕಾಲು ಇಟ್ಟದ್ದಷ್ಟೇ, ಬೆನ್ನು ಸೀಟಿಗೆ ಅಂಟಿತು. ಸದ್ದಿಲ್ಲ, ಅಲುಗಾಟವಿಲ್ಲ. ಐವತ್ತು ಅಂದುಕೊಂಡು ಮೀಟರ್ ನೋಡಿದರೆ ತೊಂಬತ್ತೈದು. ಐವತ್ತೆರಡು ವರ್ಷದ ನಾನು ಒಬ್ಬನೇ ಕೂತು ಜೋರಾಗಿ ನಕ್ಕುಬಿಟ್ಟೆ. ಸ್ವಲ್ಪ ಹೆದರಿಕೆಯೂ ಆಯಿತು. ಇಳಿದಾಗ ಅದನ್ನು ಹೇಳಲಿಲ್ಲ.

ಶುಕ್ರವಾರ ಚಂದ್ರಗುತ್ತಿ ದೇವಸ್ಥಾನದಲ್ಲಿ ಕಾರಿಗೆ ಪೂಜೆ. ಮನೆಯ ಹೆಣ್ಣುಮಗಳ ಕೈಯಲ್ಲಿ ನಿಂಬೆಹಣ್ಣಿನ ಮೇಲೆ ಹತ್ತಿಸಿದರೆ ಒಳ್ಳೆಯದು, ಅಲ್ಲಿಂದ ಸೊರಬದವರೆಗೆ ಅವಳೇ ತರಲಿ ಅಂತ ಚೌಡೇಶ್ ಆಸೆ. ಅವರಿಗೆ ಹೆಣ್ಣುಮಕ್ಕಳಿಲ್ಲ, ಅಕ್ಕನ ಮಗಳೇ ಮಗಳು. ‘ಆದ್ರೂ ನಿಮ್ಮನ್ನ ಕೇಳ್ದೆ ಕೊಡದಿಲ್ಲ. ನೀವು ಗುರುಗಳು. ಕೊಡ್ಬಹುದಾ?’

ಬೀದಿಯ ಜನ ಕೇಳಿಸಿಕೊಳ್ಳುತ್ತಿದ್ದರು. ‘ನಾನು ಕಲ್ಸಿದ್ದು ಸಾರ್. ಕಣ್ಣು ಮುಚ್ಕೊಂಡು ಕೊಡ್ರಿ,’ ಅಂದೆ.

12 ಡಿಸೆಂಬರ್, ಶುಕ್ರವಾರ. ಮಧ್ಯಾಹ್ನ 12.10

ಮೇಘನಾ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದಾಳೆ. ನೀಲಿ ಕಾರು, ಬಾನೆಟ್ ಮೇಲೆ ಚೆಂಡುಹೂವಿನ ಹಾರ, ಟೈರಿನ ಕೆಳಗೆ ನಿಂಬೆಹಣ್ಣು. ಸ್ಟೇರಿಂಗ್ ಹಿಡಿದು ಹಲ್ಲು ಕಾಣುವ ಹಾಗೆ ನಗುತ್ತಿದ್ದಾಳೆ. ‘ಸರ್ ನಿಮ್ಮ ಆಶೀರ್ವಾದ.’ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ.

ಸಂಜೆ 4

ಮಹಾಂತೇಶ್ ಫೋನ್. ಸೊರಬಕ್ಕೆ ನಾಲ್ಕು ಕಿಲೋಮೀಟರ್ ಇರುವಾಗ

13 ಡಿಸೆಂಬರ್, ಶನಿವಾರ

ನಿನ್ನೆ ಬರೆಯಲಾಗಲಿಲ್ಲ. ಗೊತ್ತಾದದ್ದು ಇಷ್ಟು.

ಯಾರೂ ಸತ್ತಿಲ್ಲ. ಮೇಘನಾಳಿಗೆ ಎಡ ಭುಜದ ಮೂಳೆ ಮುರಿದಿದೆ. ಚೌಡೇಶರಿಗೆ ಪಕ್ಕೆಲುಬು. ಏರ್‌ಬ್ಯಾಗ್ ಬಿಚ್ಚಿಕೊಂಡಿತಂತೆ. ಕಾರು ಗುದ್ದಿದ್ದು ಒಂದು ಟಿವಿಎಸ್ ಮೊಪೆಡ್‌ಗೆ; ಅದರಲ್ಲಿದ್ದ ರಾಜಪ್ಪ ಎನ್ನುವವರನ್ನು ಶಿವಮೊಗ್ಗಕ್ಕೆ ಸಾಗಿಸಿದ್ದಾರೆ. ಸೊರಬಕ್ಕೆ ಹಾಲು ಹಾಕಿ ಖಾಲಿ ಕ್ಯಾನ್ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ಹೊಲದ ದಾರಿಗೆ ತಿರುಗಲು ಕೈ ತೋರಿಸಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಚೌಡೇಶ್ ಆಸ್ಪತ್ರೆಯಿಂದಲೇ ಮಾತಾಡಿದರು, ಉಸಿರು ಎಳೆಯುತ್ತಾ. ‘ಸೀದಾ ರಸ್ತೆ ಸಿಕ್ತು, ಸ್ವಲ್ಪ ಎಳಿ ಅಂದೆ ನಾನೇ. ನೂರಾಇಪ್ಪತ್ತು ಆಗಿದ್ದು ಇಬ್ರಿಗೂ ಗೊತ್ತಾಗ್ಲಿಲ್ಲ ಮಾರಾಯ್ರೆ. ಗಾಡಿ ಕಂಡ ಕೂಡ್ಲೆ ಕಾಲು ತೆಗದ್ಲು, ಸ್ಪೀಡು ಇಳೀತು. ನಿಲ್ಸು ಅಂದೆ. ನಿಲ್ತೈತೆ ಅನ್ನೋವಾಗ ಹಾರ್ತು ನೋಡಿ, ಯಾರೋ ಹಿಂದಿಂದ ಒದ್ದಂಗೆ. ಬ್ರೇಕ್ ಫೇಲಾಗೈತೆ, ಅಷ್ಟೇ.’

ಫೇಲಾಗಿಲ್ಲ. ಫೋನ್ ಇಡುವ ಮೊದಲೇ ನನಗೆ ಗೊತ್ತಾಯಿತು. ನಮ್ಮ ಕಾರಿನಲ್ಲಿ ‘ನಿಲ್ಲಿಸು’ ಅಂದರೆ ಮೇಘನಾ ಎಡಗಾಲಿನಿಂದ ಕ್ಲಚ್ ಒತ್ತುತ್ತಿದ್ದಳು. ಬಲಗಾಲು ಬ್ರೇಕಿಗೆ ಹೋಗುವ ಮೊದಲೇ ಕಾರು ನಿಲ್ಲುತ್ತಿತ್ತು, ಅದು ಆಕ್ಸಿಲರೇಟರ್ ಮೇಲೆಯೇ ಉಳಿಯುತ್ತಿತ್ತು. ಮಿಕ್ಕದ್ದು ನಾನು. ಆ ಕಾರಿನಲ್ಲಿ ಕ್ಲಚ್ ಇಲ್ಲ. ಎಡಗಾಲು ಹುಡುಕಿತು, ಸಿಗಲಿಲ್ಲ. ಗಾಬರಿಯಲ್ಲಿ ಬಲಗಾಲು ಇದ್ದಲ್ಲೇ ಒತ್ತಿತು. ಚೌಡೇಶರ ಬದಿಯಲ್ಲಿ ಪೆಡಲ್ ಇರಲಿಲ್ಲ.

20 ಡಿಸೆಂಬರ್, ಶನಿವಾರ

ಒಂದು ವಾರ ಸ್ಕೂಲ್ ತೆರೆಯಲಿಲ್ಲ. ಜ್ವರ ಅಂತ ಬೋರ್ಡ್ ಹಾಕಿದ್ದೆ. ಜ್ವರ ಇರಲಿಲ್ಲ.

ಇವತ್ತು ಬಾಗಿಲು ತೆಗೆದು ಕೂತ ಹತ್ತು ನಿಮಿಷಕ್ಕೆ ಮಹಾಂತೇಶ್ ಬಂದರು. ಬೈಯಲು ಬಂದರು ಅಂದುಕೊಂಡೆ. ಎದ್ದು ನಿಂತೆ. ಅವರು ಕೈ ಮುಗಿದರು.

‘ಲೋಕಪ್ಪ ಸರ್, ಕ್ಷಮಿಸ್ರೀ. ಇಪ್ಪತ್ತೆರಡು ವರ್ಷದ ನಿಮ್ ಹೆಸರು ಕೆಡಿಸಿಬಿಟ್ಲು ನಮ್ಮ ಹುಡುಗಿ.’

ಕುರ್ಚಿ ಮುಂದೆ ಸರಿಸಿದೆ. ಅವರು ಕೂರಲಿಲ್ಲ.

‘ನೀವು ಅಷ್ಟು ಚಲೋ ಕಲಿಸಿದ್ರಿ. ಆಕೀನೇ ಹೇಳ್ತಾಳೆ. ಸರ್ ತಪ್ಪು ಏನೂ ಇಲ್ಲ ಅಪ್ಪಾ, ಬ್ರೇಕ್ ಹಾಕೋದು ನಂಗೆ ಗೊತ್ತಿತ್ತು, ಆದ್ರೂ ಹಾಕಲಿಲ್ಲ ಅಂತಾಳೆ. ಪೊಲೀಸರ ಮುಂದೂ ಅದನ್ನೇ ಅಂದಳು. ಊಟ ಬಿಟ್ಟಾಳೆ. ಕಾಲೇಜ್‌ಗೆ ಹೋಗಲ್ಲ ಅಂತಾಳೆ. ಆವತ್ತು ಕರು ಉಳಿಸಿದ್ದೆ, ಮನುಷ್ಯನ್ನ ಯಾಕೆ ಉಳಿಸಲಿಲ್ಲ ನಾನು — ಇದೊಂದೇ ಮಾತು, ಮುಂಜಾನಿಂದ ಸಂಜಿ ತನಕ.’

ಈಗ ಹೇಳಬೇಕಿತ್ತು. ಬಾಗಿಲು ತೆರೆದಿತ್ತು, ಬೇರೆ ಯಾರೂ ಇರಲಿಲ್ಲ. ನಾನು ಏನಂದೆ? ‘ಹೋಗ್ಲಿ ಬಿಡ್ರಿ. ಆಗಿದ್ದು ಆಗಿಹೋಯ್ತು’ ಅಂದೆ. ಹೆಗಲ ಮೇಲೆ ಕೈಯನ್ನೂ ಇಟ್ಟೆ. ಕ್ಷಮಿಸಿದೆ! ಅವರು ಕಣ್ಣು ಒರೆಸಿಕೊಂಡು ‘ದೊಡ್ಡ ಮನಸ್ಸು ನಿಮ್ದು’ ಅಂತ ಹೇಳಿ ಹೋದರು.

ನಾಚಿಕೆಯಾಯಿತು. ಹೀಗೂ ಬದುಕಬಹುದು ಅಂತ ನನಗೆ ನನ್ನ ಬಗ್ಗೆ ಗೊತ್ತಿರಲಿಲ್ಲ.

22 ಡಿಸೆಂಬರ್, ಸೋಮವಾರ

ಸಾವಿತ್ರಿಬಾಯಿ ಒಬ್ಬರೇ ಬಂದರು. ಚಾನೆಲ್ ಪಕ್ಕದ ಖಾಲಿ ಕಣಕ್ಕೆ ಕರೆದುಕೊಂಡು ಹೋದೆ. ಭತ್ತ ಬಡಿದ ಮೇಲೆ ಉಳಿದ ಹುಲ್ಲಿನ ಬಣವೆ ಒಂದಿತ್ತು. ‘ಮೇಡಂ, ಬಣವೆ ಹತ್ರ ನಿಲ್ಸಿ,’ ಅಂದೆ. ಎರಡೂ ಕಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡೆ. ಬಲಗಾಲು ಕೇಳಲಿಲ್ಲ, ಕೈಯಿಂದ ಹಿಡಿದುಕೊಳ್ಳಬೇಕಾಯಿತು.

ಕಾರು ನಿಲ್ಲಲಿಲ್ಲ. ಹದಿನೈದರ ವೇಗ, ಸೈಕಲ್ ಹೋದ ಹಾಗೆ ಹೋಗಿ ಬಣವೆಗೆ ಮೂತಿ ಹಾಕಿತು. ಒಳಗೊಂದು ಗೂಟ ಇತ್ತು ಅಂತ ಕಾಣುತ್ತದೆ, ಬಂಪರ್ ಒಡೆಯಿತು. ಸಾವಿತ್ರಿಬಾಯಿ ಬೆವರಿ ಹೋದರು. ‘ಸರ್, ಬ್ರೇಕ್ ಒತ್ತಿದೀನಲ್ರೀ!’ ಅಂದರು. ಅವರ ಎಡಗಾಲು ಕ್ಲಚ್ ಮೇಲಿತ್ತು. ಬಲಗಾಲು ಆಕ್ಸಿಲರೇಟರ್ ಪಕ್ಕದಲ್ಲಿ ಸುಮ್ಮನೆ ಕೂತಿತ್ತು.

ಒಂದೂವರೆ ತಿಂಗಳ ಕ್ಲಾಸು. ಒಂದು ಸಲವೂ ತಾವಾಗಿ ನಿಲ್ಲಿಸಿಲ್ಲ ಅವರು. ನಾನು ಬಿಟ್ಟೇ ಇಲ್ಲ. ಅವರಿಗೆ ಧೈರ್ಯ ಬರಲಿ ಅಂತ ಅಲ್ಲ — ಇವತ್ತು ಸರಿಯಾಗಿ ಬರೆಯುತ್ತೇನೆ — ನನ್ನ ಕಾರಿಗೆ ಗೀರು ಬೀಳಬಾರದು ಅಂತ. ಇಷ್ಟು ವರ್ಷ ಇದೇ ಕಲಿಸಿದ್ದೇನೆ. ಎಷ್ಟು ಜನರಿಗೆ? ನೆನಪಿದ್ದವರ ಮುಖ ಒಂದೊಂದೇ ಬಂತು. ನರ್ಸ್ ಒಬ್ಬಳು. ಶಾಲೆಯ ವ್ಯಾನ್ ಓಡಿಸುವವನೊಬ್ಬ. ಮುಂದೆ ನೆನಪು ಮಾಡಿಕೊಳ್ಳಲಿಲ್ಲ.

25 ಡಿಸೆಂಬರ್, ಗುರುವಾರ

ಈಸೂರಿಗೆ ಹೋಗಿದ್ದೆವು, ನಾಗವೇಣಿಯ ತವರು. ಮನೆಯ ಮುಂದಿನ ಕಲ್ಲಿನ ಗೋಡೆಯಲ್ಲಿ ಒಂದು ಕಡೆ ಸಿಮೆಂಟ್ ತೇಪೆ ಇದೆ. ಮದುವೆಯಾದ ಮೂರನೇ ವರ್ಷ ಇವಳಿಗೂ ನಾನೇ ಕಲಿಸಿ ಲೈಸೆನ್ಸ್ ಮಾಡಿಸಿದ್ದೆ. ಮಾವನವರ ಕಾರು ತೆಗೆದ ಮೊದಲ ದಿನವೇ ಆ ಗೋಡೆಗೆ ಹೊಡೆದಳು. ಆಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ. ನಾನು ಅದನ್ನು ಮದುವೆ ಮುಂಜಿಯಲ್ಲೆಲ್ಲ ಹೇಳಿ ನಗಿಸಿದ್ದೇನೆ, ನಮ್ಮ ಮನೆಯವಳಿಗೆ ಗೋಡೆಯೇ ಬ್ರೇಕ್ ಅಂತ.

ಇವತ್ತು ಗೋಡೆಯ ಮುಂದೆ ನಿಂತು ಅವಳಿಗೆ ಎಲ್ಲ ಹೇಳಿದೆ. ಕರು, ಫೈಲು, ಬಣವೆ. ತೇಪೆಯ ಮೇಲೆ ಕೈ ಆಡಿಸಿದಳು.

‘ನಂಗೂ ಹಂಗೇ ಕಲ್ಸಿದ್ರಿ ಅಲ್ಲೇನ್ರೀ?’

‘ಹ್ಞೂಂ.’

‘ನಾನೇ ದಡ್ಡಿ ಅಂದ್ಕೊಂಡಿದ್ನಲ್ಲ. ಹದಿನೇಳು ವರ್ಷ.’

ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವಾಪಸ್ ಬರುವಾಗ ಒಂದೇ ಮಾತು ಹೇಳಿದಳು: ‘ಆ ಹುಡುಗೀನ ಹದಿನೇಳು ವರ್ಷ ಕಾಯಿಸಬ್ಯಾಡ್ರಿ.’

28 ಡಿಸೆಂಬರ್, ಭಾನುವಾರ

ಶಿವಮೊಗ್ಗ. ಆಸ್ಪತ್ರೆಯ ಎರಡನೇ ಮಹಡಿ. ಯಾರು ಅಂತ ಕೇಳಿದರೆ ಏನು ಹೇಳುವುದು ಅಂತ ಮೆಟ್ಟಿಲಲ್ಲಿ ಐದು ನಿಮಿಷ ನಿಂತಿದ್ದೆ. ರಾಜಪ್ಪನ ಹೆಂಡತಿ ದುರ್ಗಮ್ಮ ಹಾಸಿಗೆ ಪಕ್ಕ ನೆಲದಲ್ಲಿ ಕೂತಿದ್ದರು. ‘ಹುಡುಗಿಗೆ ಕಾರು ಕಲಿಸಿದ ಮೇಷ್ಟ್ರು,’ ಅಂದೆ. ಸ್ಟೂಲ್ ಸರಿಸಿ ಕೂರಿಸಿದರು.

ರಾಜಪ್ಪನಿಗೆ ನನಗಿಂತ ಸ್ವಲ್ಪ ಕಡಿಮೆ ವಯಸ್ಸು. ಬೆಡ್‌ಶೀಟು ಒಂದು ಕಡೆ ಚಪ್ಪಟೆಯಾಗಿತ್ತು, ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಯಿತು.

‘ನಾನು ಕಂಡಿದ್ದೆ ಸ್ವಾಮಿ, ದೂರದಿಂದ್ಲೇ,’ ಅಂದರು. ‘ಕೈ ತೋರ್ಸ್ದೆ. ಆ ಹುಡುಗಿನೂ ನನ್ನ ಕಂಡ್ಲು. ನಿಲ್ಲಿಸೋರ ಮುಖ ಹೆಂಗಿರ್ತೈತೆ ಹೇಳಿ, ಹಂಗೇ ಇತ್ತು. ಅದ್ಕೇ ನಾ ತಿರುಗ್ಸಿದ್ದು. ಇಲ್ದಿದ್ರೆ ತಿರುಗ್ಸ್ತಿರ್ಲಿಲ್ಲ.’

ದುರ್ಗಮ್ಮ ಕೇಳಿದರು, ‘ಬ್ರೇಕ್ ಇರ್ಲಿಲ್ವಂತಾ ಆ ಕಾರ್ಗೆ?’

‘ಇತ್ತಮ್ಮ. ಅವಳಿಗೆ ಬ್ರೇಕ್ ಒತ್ತೋದು ನಾನು ಕಲ್ಸಿರಲಿಲ್ಲ.’

ಮೊದಲ ಸಲ ಬಾಯಿ ಬಿಟ್ಟು ಬೇರೆಯವರ ಮುಂದೆ ಹೇಳಿದ್ದು. ಅವರಿಗೆ ಅರ್ಥವಾಗಲಿಲ್ಲ, ವಿನಯಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರು. ‘ನೀವೇನ್ ಮಾಡ್ತೀರಿ ಪಾಪ,’ ಅಂದರು ದುರ್ಗಮ್ಮ. ನಾನು ತಂದ ಬಿಸ್ಕತ್ತಿನಲ್ಲೇ ಎರಡು ನನಗೂ ಕೊಟ್ಟರು. ತಿಂದೆ.

2 ಜನವರಿ 2026, ಶುಕ್ರವಾರ

ಸೊರಬದ ಕೇಸಿನ ವಿಷಯ, ಶಿಕಾರಿಪುರ ಸ್ಟೇಷನ್ನಿನಿಂದಲೇ ಫೋನ್. ಸೋಮವಾರ ಹತ್ತು ಗಂಟೆಗೆ ಬಂದು ಹೇಳಿಕೆ ಕೊಡಬೇಕು. ಸರಿಯಾಗಿ ತರಬೇತಿ ಆಗಿದೆ ಅಂತ ನಾನು ಕೊಟ್ಟ ಸರ್ಟಿಫಿಕೇಟ್ ಅವರ ಹತ್ತಿರ ಇದೆ. ‘ಫಾರ್ಮಾಲಿಟಿ ಅಷ್ಟೇ, ಅದು ನಿಮ್ಮದೇ ಸಹಿ ಅಂದ್ರೆ ಆಯ್ತು,’ ಅಂದರು ಎಸ್‌ಐ ಸಾಹೇಬರು. ಹೌದು, ನನ್ನದೇ ಅಂದುಬಿಟ್ಟರೆ ಮುಗಿಯಿತು. ಕಲಿಸಿದ್ದೂ ಸರಿ, ಕಾರೂ ಸರಿ, ತಪ್ಪೆಲ್ಲ ಹುಡುಗಿಯದು ಅಂತಾಗುತ್ತದೆ. ಅವಳೇ ಒಪ್ಪಿಕೊಂಡಿದ್ದಾಳೆ ಬೇರೆ. ನಿಜ ಹೇಳಿದರೆ ಸ್ಕೂಲಿಗೆ ಬೀಗ ಬೀಳುತ್ತದೆ. ಬೇರೆ ಕೆಲಸ ನನಗೆ ಬರುವುದಿಲ್ಲ.

ಮಧ್ಯಾಹ್ನ ಗುರುಪ್ರಕಾಶನ ಗ್ಯಾರೇಜಿಗೆ ಹೋದೆ. ನನ್ನ ಬದಿಯ ಪೆಡಲ್ ಬಿಚ್ಚು ಅಂದೆ. ‘ಹೊಸಾದು ಹಾಕ್ಬೇಕಾ ಸರ್?’ ಅಂದ. ಬೇಡ ಅಂದೆ. ವಿಚಿತ್ರವಾಗಿ ನೋಡಿದ. ಬ್ರೇಕಿನ ರಬ್ಬರ್ ನುಣ್ಣಗೆ ಸವೆದು ಒಳಗಿನ ಕಬ್ಬಿಣ ಕಾಣುತ್ತಿತ್ತು. ಓಡಿಸುವವರ ಬದಿಯ ರಬ್ಬರಿನಲ್ಲಿ ಗೀಟುಗಳು ಇನ್ನೂ ಹೊಸದರ ಹಾಗೆ ಇವೆ.

ಪೆಡಲ್ಲುಗಳನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಬಂದೆ.

4 ಜನವರಿ, ಭಾನುವಾರ

ಬೆಳಿಗ್ಗೆ ಹನ್ನೊಂದಕ್ಕೆ ಮಹಾಂತೇಶರ ಮನೆ. ಕಾಫಿ ಬೇಡ ಅಂದೆ, ಆದರೂ ತಂದರು. ಮೇಘನಾ ಹೊರಗೆ ಬರಲು ಒಪ್ಪಲಿಲ್ಲ. ಅಪ್ಪ ಎರಡು ಸಲ ಕರೆದ ಮೇಲೆ ಬಂದಳು. ಕೈ ಜೋಲಿಯಲ್ಲಿದೆ. ಕೆನ್ನೆ ಒಳಗೆ ಹೋಗಿದೆ. ‘ಸಾರಿ ಸರ್,’ ಅಂದಳು, ನಾನು ಬಾಯಿ ತೆರೆಯುವ ಮೊದಲೇ.

ಚೀಲದಿಂದ ಪೆಡಲ್ ತೆಗೆದು ಟೀಪಾಯಿಯ ಮೇಲೆ ಇಟ್ಟೆ. ಹೇಳಿದೆ. ಬಸ್ ಸ್ಟ್ಯಾಂಡಿಗೆ ದಾರಿ ಹೇಳುವ ಹಾಗೆ ಒಂದೊಂದಾಗಿ ಹೇಳಿದೆ. ಕಂಬಿ ಹೇಗೆ ಕೆಲಸ ಮಾಡುತ್ತದೆ, ಅವಳ ಕಾಲು ಮುಟ್ಟುವ ಮೊದಲೇ ಪೆಡಲ್ ಯಾಕೆ ಕೆಳಗಿರುತ್ತಿತ್ತು, ಚೌಡೇಶ್ ಕೇಳಿದಾಗ ಬೀದಿಯ ಮುಂದೆ ನಾನು ಏನಂದೆ. ‘ನಿಂಗೆ ಬ್ರೇಕ್ ಹಾಕೋದು ಗೊತ್ತಿರ್ಲಿಲ್ಲಮ್ಮ. ಗೊತ್ತಿದೆ ಅಂತ ನಂಬಿಸಿದ್ದು ನಾನು. ನಾಳೆ ಸ್ಟೇಷನ್ನಾಗೆ ಇದನ್ನೇ ಬರೆದುಕೊಡ್ತೀನಿ.’

ಮಹಾಂತೇಶ್ ಎದ್ದು ಒಳಗೆ ಹೋದರು. ಒಳಗೆ ಪಾತ್ರೆಯೊಂದು ಬಿದ್ದ ಸದ್ದು ಕೇಳಿಸಿತು. ಬಿದ್ದದ್ದೋ ಎಸೆದದ್ದೋ ಗೊತ್ತಿಲ್ಲ.

ಮೇಘನಾ ಸವೆದ ರಬ್ಬರಿನ ಮೇಲೆ ಬೆರಳಿಟ್ಟು ನೋಡಿದಳು.

‘ಟೆಸ್ಟ್ ದಿನ?’

‘ನಾನು.’

‘ತೂಬಿನ ತಿರುವಲ್ಲಿ, ಲಾರಿ ಬಂದಾಗ?’

‘ನಾನು.’

ಅವಳು ಅತ್ತಳು. ಸಮಾಧಾನದ ಅಳುವೋ ಸಿಟ್ಟಿನ ಅಳುವೋ ನನಗೆ ತಿಳಿಯಲಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಆಮೇಲೆ ಇನ್ನೊಂದು ಕೇಳಿದಳು. ಅದನ್ನು ಇವತ್ತು ಬರೆಯಲಾರೆ.

5 ಜನವರಿ, ಸೋಮವಾರ. ಬೆಳಿಗ್ಗೆ 9.20

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೇನೆ. ಸ್ಟೇಷನ್ನಿಗೆ ಕಾರು ಬೇಡ, ನಡೆದೇ ಹೋಗುವುದು. ನಾಗವೇಣಿ ತಾನೂ ಬರುತ್ತಾಳಂತೆ, ಸೀರೆ ಉಡುತ್ತಿದ್ದಾಳೆ. ಹೇಳಿಕೆ ಎರಡು ಪುಟ ಆಗಿದೆ. ಫೈಲಿನ ವಿಷಯವನ್ನೂ ಬರೆದಿದ್ದೇನೆ. ಸಾವಿತ್ರಿಬಾಯಿಗೆ ಫೋನ್ ಮಾಡಿ, ಬೇರೆ ಕಡೆ ಕಲಿಯಿರಿ, ಮೊದಲ ದಿನ ಬ್ರೇಕ್ ಒಂದನ್ನೇ ಕೇಳಿ ಅಂದೆ.

ನಿನ್ನೆ ಬಿಟ್ಟದ್ದನ್ನು ಬರೆದೇ ಹೊರಡಬೇಕು. ಇಲ್ಲಿಯೂ ಮುಚ್ಚಿಟ್ಟರೆ ಅಲ್ಲಿ ಹೇಳಲಾರೆ.

ಕಣ್ಣು ಒರೆಸಿಕೊಂಡು ಮೇಘನಾ ನನ್ನ ಮುಖ ನೋಡಿದಳು. ‘ಸರ್, ಕರು?’ ಅಂದಳು. ‘ಅದೊಂದು ನಾನೇ ಅಲ್ವಾ ಸರ್?’

ಹೌದು ಅಂದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಪೊಲೀಸರಿಗೆ ಕರು ಬೇಕಿಲ್ಲ. ಮೂರು ವಾರದಿಂದ ಅವಳ ಹತ್ತಿರ ಉಳಿದದ್ದು ಅದೊಂದೇ. ನಾನೇ ಕೊಟ್ಟದ್ದು, ನಾನೇ ಕಿತ್ತುಕೊಳ್ಳಬೇಕು. ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು.

‘ಇಲ್ಲಮ್ಮ,’ ಅಂದೆ. ‘ಅದೂ ನಾನೇ.’